ಡಿಎನ್‌ಎ ನೂಲಿನಲ್ಲಿ ಸದ್ದಿನ ಓಟ: ಮೂರನೇ ವಾರ

ಡಿಎನ್‌ಎಯಿಂದ ನೂಲು ಎಳೆದು, ಅದರಲ್ಲಿ ಸದ್ದು ಎಷ್ಟು ವೇಗವಾಗಿ ಓಡುತ್ತದೆ ಅಂತ ಮನೆಯಲ್ಲೇ ಅಳೆಯುತ್ತಿದ್ದೇನೆ. ಕೊನೆಗೂ ನೂಲು ಸಿಕ್ಕಿತು! ಈರುಳ್ಳಿಯಿಂದ ತೆಗೆದ ಡಿಎನ್‌ಎ ಒಣಗಿದರೆ ಸಾಕು, ಪುಡಿಯಾಗುತ್ತಿತ್ತು. ಹಾಗಾಗಿ ಮೊನ್ನೆ ಬೆಳಿಗ್ಗೆ ಮಂಗಳೂರಿನ ದಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಹೋದೆ. ಟ್ರಾಲ್ ಬೋಟುಗಳಿಗೆ ಜುಲೈ 31ರವರೆಗೆ ರಜೆ, ಇದ್ದದ್ದು ನಾಡದೋಣಿಯ ಬಂಗುಡೆ. "ಕ್ಲೀನ್ ಮಾಡಿ ಕೊಡ್ಲಾ?" ಅಂದರು ಮೀನಿನ ಅಕ್ಕ. "ಬೇಡಕ್ಕ, ಹೊಟ್ಟೆ ಹಾಗೇ ಇರಲಿ" ಅಂದೆ. ನನಗೆ ಬೇಕಿದ್ದದ್ದು ಗಂಡು ಮೀನಿನ ವೀರ್ಯದ ಬಿಳಿ ಗಡ್ಡೆ. ಡಿಎನ್‌ಎಯನ್ನು ಮೊದಲು ಕಂಡುಹಿಡಿದ ಮೀಶರ್ ಕೂಡ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಾಲ್ಮನ್ ವೀರ್ಯದ ಮೇಲೆಯೇ ಕೆಲಸ ಮಾಡಿದ್ದರು.

ಗಡ್ಡೆ ಅರೆದು, ತುಂಬಾ ಗಟ್ಟಿ ಉಪ್ಪುನೀರಿನಲ್ಲಿಟ್ಟರೆ ಡಿಎನ್‌ಎ ಮೇಲೆ ಪ್ರೋಟೀನಿನ ಹಿಡಿತ ಸಡಿಲವಾಗುತ್ತದೆ. ಸೋಸಿ, ಮೇಲೆ ತಣ್ಣಗಿನ ಸ್ಪಿರಿಟ್ ಸುರಿದೆ. ಗಾಜಿನ ಕಡ್ಡಿಗೆ ಸಿಕ್ಕಿದ ಅಂಟನ್ನು ನಿಧಾನವಾಗಿ ಎಳೆದಾಗ 5 ಸೆಂಟಿಮೀಟರ್ ನೂಲು ಬಂತು. ಅವಸರದಲ್ಲಿ ಎಳೆದ ನಾಲ್ಕು ನೂಲು ತುಂಡಾದವು.

ಅಳೆಯುವ ದಾರಿ ಸರಳ. ಎರಡೂ ತುದಿಗೆ ಬಜರ್‌ನಿಂದ ಕಿತ್ತ ಪೀಜೋ ಬಿಲ್ಲೆ (ಕರೆಂಟನ್ನು ಸದ್ದಾಗಿ, ಸದ್ದನ್ನು ಕರೆಂಟಾಗಿ ಬದಲಿಸುವ ಬಿಲ್ಲೆ) ಅಂಟಿಸಿದೆ. ಒಂದರಿಂದ ಸದ್ದು ಹೊರಟು ಇನ್ನೊಂದಕ್ಕೆ ಮುಟ್ಟುವ ಹೊತ್ತನ್ನು ಆಸಿಲೋಸ್ಕೋಪ್, ಅಂದರೆ ಕರೆಂಟಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ಬರೆಯುವ ಯಂತ್ರ, ತೋರಿಸುತ್ತದೆ. ವೇಗ ಸೆಕೆಂಡಿಗೆ 2 ಕಿಲೋಮೀಟರ್ ಅಂತ ಹಿಡಿದರೆ, 5 ಸೆಂಟಿಮೀಟರಿಗೆ ಬರೀ 25 ಮೈಕ್ರೋಸೆಕೆಂಡ್! ಅಂಟು, ಬಿಲ್ಲೆಗಳೂ ಸ್ವಲ್ಪ ಹೊತ್ತು ತಿನ್ನುತ್ತವೆ. ಅದಕ್ಕೇ ಉದ್ದ ಬೇರೆ ಬೇರೆ ಇರುವ ಎರಡು ನೂಲು ಅಳೆದು, ವ್ಯತ್ಯಾಸ ಮಾತ್ರ ತೆಗೆದುಕೊಳ್ಳುತ್ತೇನೆ. ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿದರೆ ನೂಲಿನ ಬಿಗಿತ, ಅಂದರೆ ಯಂಗ್ ಮಾಡ್ಯುಲಸ್, ಸಿಗುತ್ತದೆ.

ಆದರೆ ಅಂಕಿ ನಿಲ್ಲುತ್ತಿರಲಿಲ್ಲ. ಮಳೆ ಜೋರಾದರೆ ಸದ್ದು ನಿಧಾನ, ಬಿಸಿಲು ಬಂದರೆ ಬೇಗ. ಎರಡು ದಿನ ವೈರಿಂಗ್ ಅನ್ನೇ ಸುಮ್ನೆ ಬೈದೆ. ಕಾರಣ ನಮ್ಮ ಕರಾವಳಿಯ ಗಾಳಿ! ಡಿಎನ್‌ಎ ನೀರು ಹೀರಿದಷ್ಟೂ ಮೆತ್ತಗಾಗುತ್ತದೆ. ಅದರ ಸುರುಳಿ ಏಣಿಗೆ ಎರಡು ರೂಪ: ಗಾಳಿಯ ತೇವ 75% ಆಸುಪಾಸಿನಲ್ಲಿ ಎ ರೂಪ, 92% ದಾಟಿದರೆ ಬಿ ರೂಪ. ಎ ರೂಪದಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಸುಮಾರು 0.26 ನ್ಯಾನೋಮೀಟರ್, ಬಿ ರೂಪದಲ್ಲಿ 0.34. ಅಂದರೆ ನೂಲಿನ ಉದ್ದವೇ ಬದಲಾಗುತ್ತದೆ, ಅಲ್ವಾ? ಡಿಎನ್‌ಎಯ ಎಕ್ಸ್‌ರೇ ಚಿತ್ರ ತೆಗೆದ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ ಲಂಡನ್ನಿನಲ್ಲಿ ಈ ಎರಡನ್ನು ಬೇರೆ ಮಾಡಿ ತೋರಿಸಿದ್ದು ತೇವವನ್ನು ಹಿಡಿತದಲ್ಲಿಟ್ಟುಕೊಂಡೇ. ಎಕ್ಸ್‌ರೇಯಷ್ಟೇ ದೊಡ್ಡ ಕೆಲಸ ಅದು ಅಂತ ನನಗೀಗ ಅನಿಸುತ್ತಿದೆ.

ಪರಿಹಾರ ಅಡುಗೆಮನೆಯಲ್ಲೇ ಇತ್ತು. ಮುಚ್ಚಿದ ಡಬ್ಬಿಯಲ್ಲಿ ಕರಗಿ ಮಿಕ್ಕುವಷ್ಟು ಉಪ್ಪನ್ನು ನೀರಿನಲ್ಲಿಟ್ಟರೆ, ಒಳಗಿನ ತೇವ 75%ರಲ್ಲಿ ನಿಲ್ಲುತ್ತದೆ. ಸರಿಯಾಗಿ ಎ ರೂಪದ ಜಾಗ! ನಿನ್ನೆ ರಾತ್ರಿ ನೂಲನ್ನು ಅದರೊಳಗೆ ತೂಗುಹಾಕಿದೆ. ಹೊರಗೆ ಧೋ ಅಂತ ಮಳೆ. ಬೆಳಿಗ್ಗೆ ಆರು ಸಲ ಅಳೆದೆ, ಗೆರೆ ಅದೇ ಜಾಗದಲ್ಲಿ ಎದ್ದಿತು. ಬಿ ರೂಪಕ್ಕೆ ಪೊಟ್ಯಾಸಿಯಂ ಸಲ್ಫೇಟ್ ಅನ್ನೋ ಇನ್ನೊಂದು ಲವಣ ತರಿಸಿದ್ದೇನೆ, ಅದು 97% ತೇವ ಕೊಡುತ್ತದೆ. ಮುಂದಿನ ವಾರ ಇದೇ ನೂಲನ್ನು ಆ ಡಬ್ಬಿಗೆ ಹಾಕುತ್ತೇನೆ.