ನೂರೊಂದು ಕುಡಿ

ಭೂಮಿ ಹುಣ್ಣಿಮೆಯ ಹಿಂದಿನ ದಿನ ಅತ್ತೆಯವರ ಜೊತೆ ಗುಡ್ಡಕ್ಕೆ ಹೋಗಿದ್ದೆ. ತೆನೆ ಹೊತ್ತ ಗದ್ದೆಯೇ ನಮಗೆ ಬಸುರಿ; ಆ ಬಸುರಿ ಭೂಮ್ತಾಯಿಯ ಬಯಕೆ ಊಟಕ್ಕೆ ನೂರೊಂದು ಸೊಪ್ಪಿನ ಕುಡಿ ಬೇಕಲ್ಲ! ನನ್ನ ಲೆಕ್ಕ ಮೂವತ್ತಕ್ಕೇ ತಪ್ಪಿತು. ಅತ್ತೆ ಗಿಡಕ್ಕೊಂದೇ ಕುಡಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾ ಹೋದರು. ನಾನು ಎರಡನೆಯದಕ್ಕೆ ಕೈ ಹಾಕಿದರೆ, "ಸಾಕು ಮಾರಾಯ್ತಿ, ಗಿಡಕ್ಕೂ ಬೇಕಲ್ಲ" ಅಂದರು.

ಗುಡ್ಡದ ಬುಡದಲ್ಲಿ ಚೌಡಿ ಕಲ್ಲು. ಅದರ ಪಕ್ಕದಲ್ಲೇ ಅರಣ್ಯದ ಗಡಿಕಲ್ಲು. ಒಂದಕ್ಕೆ ಕುಂಕುಮ, ಇನ್ನೊಂದಕ್ಕೆ ನಂಬರು. ಎದುರಿಗೆ ಮಂಜು ಹೊದ್ದ ಕೊಡಚಾದ್ರಿ. ನಮಗೆ ಮೂಲ ಮೂಕಾಂಬಿಕೆಯ ಜಾಗ. ಸರ್ಕಾರದ ಕಾಗದದಲ್ಲಿ 1974ರಿಂದ ವನ್ಯಜೀವಿ ಅಭಯಾರಣ್ಯ, ಅದೂ ಅಮ್ಮನವರ ಹೆಸರಿನಲ್ಲೇ.

ರಾತ್ರಿಯಿಡೀ ಅಡುಗೆ. ಸೊಪ್ಪು ಹೆಚ್ಚುತ್ತಾ ಅತ್ತೆಗೆ ಉಲೂರುವಿನ ಕಥೆ ಹೇಳಿದೆ. ಆಸ್ಟ್ರೇಲಿಯಾದ ಮರಳುಗಾಡಿನ ನಡುವಿನ ಕೆಂಪು ಬಂಡೆಬೆಟ್ಟ ಅದು. ಅಲ್ಲಿನ ಅನಂಗು ಜನರಿಗೆ ಪವಿತ್ರ. ದಯವಿಟ್ಟು ಹತ್ತಬೇಡಿ ಎಂದು ಅವರು ಫಲಕ ಹಾಕಿ ಬೇಡಿಕೊಂಡರೂ ಪ್ರವಾಸಿಗರು ಸರಪಳಿ ಹಿಡಿದು ಹತ್ತುತ್ತಲೇ ಇದ್ದರು. 1985ರ ಅಕ್ಟೋಬರ್ 26ರಂದು ನೆಲ ಅವರ ಹೆಸರಿಗೆ ಮರಳಿತು. ಮರಳಿದ್ದನ್ನು 99 ವರ್ಷಕ್ಕೆ ರಾಷ್ಟ್ರೀಯ ಉದ್ಯಾನಕ್ಕೇ ಗುತ್ತಿಗೆ ಕೊಡಬೇಕಾಯಿತು! ಹತ್ತುವುದು ನಿಂತಿದ್ದು 2019ರ ಅದೇ ತಾರೀಕಿಗೆ. ನಾವಾದರೆ ಏದುಸಿರು ಬಿಡುತ್ತಾ ಕೊಡಚಾದ್ರಿಯ ನೆತ್ತಿಯ ಸರ್ವಜ್ಞಪೀಠದವರೆಗೆ ಹತ್ತುವುದನ್ನೇ ಸೇವೆ ಅಂದುಕೊಂಡವರು. ಅವರಿಗೆ ಹತ್ತದಿರುವುದೇ ಸೇವೆ.

ಜನರಿಲ್ಲದ ಬೆಟ್ಟವೇ ಶುದ್ಧ ಎನ್ನುವ ಮಡಿ ಹಳೆಯದು. 1872ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾದ ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಡುಕುರಿ ಬೇಟೆಯಾಡಿ ಬದುಕಿದ್ದ ಶೊಶೋನಿ ಜನರನ್ನು ಹೊರಗೆ ಸಾಗಿಸಿದರು. ದೂರ ಯಾಕೆ, ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಅಲ್ಲಿನ ಮಲೆಕುಡಿಯರು, ಗೌಡಲು ಜನರಲ್ಲಿ ಪರಿಹಾರ ತಗೊಂಡು ಘಟ್ಟ ಇಳಿದವರಿದ್ದಾರೆ, ಇಳಿಯದೆ ಉಳಿದವರೂ ಇದ್ದಾರೆ. ಇಳಿದವರು ಮನೆದೇವರ ಕಲ್ಲನ್ನು ಲಾರಿಗೆ ಹೇರಿಕೊಂಡು ಬರಲಾದೀತೇ?

ಎಲ್ಲ ಕೇಳಿಸಿಕೊಂಡ ಅತ್ತೆ ಕೇಳಿದ್ದು ಒಂದೇ: "ಆ ಕೆಂಪು ಗುಡ್ಡದವರಿಗೆ ಕುಡಿ ಚಿವುಟೋಕೆ ಬಿಡ್ತಾರಾ ಈಗ?"

ನಸುಕಿನಲ್ಲಿ ನಮ್ಮನೆಯವರು ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ನಡೆದರು. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ನಾವೇ ಚಿತ್ತಾರ ಬರೆದ ಬುಟ್ಟಿ. ಪೂಜೆಯಾಗಿ, ಕಡುಬೊಂದನ್ನು ಗದ್ದೆಯಲ್ಲಿ ಹೂತದ್ದಾಯಿತು. ತೆನೆಗಳ ಮೇಲೆಲ್ಲ ಆ ಕುಡಿಗಳನ್ನು ಬೇಯಿಸಿದ ಹಚ್ಚಂಬಲಿ ಬೀರಿದ ಮೇಲೆ ಬುಟ್ಟಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಅತ್ತೆ ಅದನ್ನು ತೆಗೆದುಕೊಂಡು ಗುಡ್ಡದ ಬುಡಕ್ಕೆ ಹೋಗಿ ಗಡಿಕಲ್ಲಿನಾಚೆ ಬೀರಿ ಬಂದರು.