ಕ್ಲೀನಿಂಗ್ ಆದ ಮೇಲೆ ಎಷ್ಟು ದಿನ ರಕ್ತ ಹೋಗುತ್ತೆ, ಸಿಸ್ಟರ್?

ಹೆಂಗಸರ ವಾರ್ಡಿನ ನರ್ಸ್ ನಾನು. ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಕೇಳುವವರು ಡಿ ಅಂಡ್ ಸಿ, ಅಂದರೆ ಗರ್ಭಕೋಶದ ಕ್ಲೀನಿಂಗ್, ಮಾಡಿಸಿಕೊಂಡು ಮನೆಗೆ ಹೋದವರು. ಗರ್ಭಪಾತದ ನಂತರ ಮಾಡಿರಲಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆ ಎಂದು ಗರ್ಭಕೋಶದ ಒಳಪದರ ತೆಗೆದು ಪರೀಕ್ಷೆಗೆ ಕಳಿಸಿರಲಿ, ನನ್ನ ಉತ್ತರ ಹೆಚ್ಚುಕಡಿಮೆ ಒಂದೇ.

ಹೆಚ್ಚಿನವರಿಗೆ ಕೆಲವು ದಿನ, ಕೆಲವರಿಗೆ 2 ವಾರದವರೆಗೂ ಹೋಗುತ್ತದೆ. ಆದರೆ ಸುಮ್ನೆ ದಿನ ಎಣಿಸಬೇಡಿ, ಪ್ಯಾಡ್ ನೋಡಿ. ನಿನ್ನೆಗಿಂತ ಇವತ್ತು ಕಡಿಮೆ ಇದೆಯಾ? ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿದೆಯಾ? ಹಾಗಿದ್ದರೆ ಸರಿ. ಒಂದು ದಿನ ನಿಂತು ಮತ್ತೆ ಸ್ವಲ್ಪ ಕಲೆ ಕಾಣಿಸಿದರೂ ಗಾಬರಿ ಬೇಡ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ತಕ್ಷಣ ಒಮ್ಮೆಲೇ ಇಳಿದರೆ ಎಲ್ಲರೂ ಹೆದರುತ್ತಾರೆ. ಮಲಗಿದ್ದಾಗ ಒಳಗೆ ಸೇರಿಕೊಂಡಿದ್ದು ಎದ್ದಾಗ ಒಟ್ಟಿಗೆ ಬರುತ್ತದೆ, ಅಷ್ಟೇ. ಆಮೇಲೆ ಕಡಿಮೆ ಆಗಬೇಕು.

ಆಗದಿದ್ದರೆ? ದೊಡ್ಡ ಪ್ಯಾಡ್ ಒಂದು ಗಂಟೆಯಲ್ಲಿ ಪೂರ್ತಿ ನೆನೆದು, ಮುಂದಿನ ಗಂಟೆಯೂ ಹಾಗೇ ಆದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಪ್ಯಾಡಿನ ಲೆಕ್ಕವೂ ಬೇಡ, 108ಕ್ಕೆ ಫೋನ್ ಮಾಡಿ. 100.4 ಡಿಗ್ರಿ ದಾಟಿದ ಜ್ವರ, ಕೆಟ್ಟ ವಾಸನೆ ಇದ್ದರೆ ಸೋಂಕಿರಬಹುದು, ಗರ್ಭಪಾತ ಆದವರಿಗೆ ಒಳಗೆ ಗರ್ಭದ ಚೂರು ಉಳಿದಿರಲೂಬಹುದು. ರಕ್ತ ಥಟ್ಟನೆ ನಿಂತುಹೋಗಿ ಕೆಳಹೊಟ್ಟೆ ನೋವು ಏರುತ್ತಲೇ ಇದ್ದರೂ ತೋರಿಸಿ. ರಕ್ತ ಹೊರಗೆ ಬರದೆ ಗರ್ಭಕೋಶದಲ್ಲೇ ತುಂಬಿಕೊಂಡಿರಬಹುದು. ನಿಂತಿತಲ್ಲ ಎಂದು ಖುಷಿಪಡುವವರೇ ಜಾಸ್ತಿ.

ಗರ್ಭಕೋಶದ ಬಾಯಿಗೆ ಲೀಪ್ (ಕರೆಂಟ್ ಹರಿಯುವ ತೆಳು ತಂತಿಯಿಂದ ಅಲ್ಲಿನ ಕೆಟ್ಟ ಪದರ ತೆಗೆಯುವುದು) ಮಾಡಿಸಿಕೊಂಡವರ ಲೆಕ್ಕ ಬೇರೆ. ರಕ್ತ ನಿಲ್ಲಲಿ ಎಂದು ಅಲ್ಲಿ ಹಚ್ಚುವ ಔಷಧಿಯಿಂದ ಮೊದಲ ದಿನಗಳಲ್ಲಿ ಕಾಫಿ ಚರಟದಂಥ ಕಪ್ಪು ಸ್ರಾವ ಬರುತ್ತದೆ. ಇನ್ನೇನು ವಾಸಿಯಾಯಿತು ಎನ್ನುವಾಗ, ಒಂದೆರಡು ವಾರಕ್ಕೆ, ಗಾಯದ ಹಕ್ಕಳೆ ಕಳಚಿ ಮತ್ತೆ ಕೆಂಪು ಕಾಣಿಸಬಹುದು. ಅದೂ ಒಂದೆರಡು ದಿನದಲ್ಲಿ ತಗ್ಗಬೇಕು. ಇವರಿಗೆ ಸುಮಾರು 4 ವಾರ ಗಂಡನ ಜೊತೆ ಸೇರುವುದು ಬೇಡ, ಟ್ಯಾಂಪನ್, ಕಪ್ ಬೇಡ. ಡಿ ಅಂಡ್ ಸಿ ಆದವರಿಗೆ ಸಾಮಾನ್ಯವಾಗಿ 1ರಿಂದ 2 ವಾರ, ರಕ್ತ ಪೂರ್ತಿ ನಿಲ್ಲುವವರೆಗೆ. ಇದನ್ನು ಗಂಡನಿಗೆ ಹೇಳಲು ಸಂಕೋಚವಾದರೆ ಡಿಸ್ಚಾರ್ಜ್ ದಿನ ನಮಗೆ ಹೇಳಿ, ನಾವೇ ಅವರನ್ನು ಕೂರಿಸಿಕೊಂಡು ಹೇಳುತ್ತೇವೆ.

ಮನೆಯಲ್ಲಿ ಅತ್ತೆ, ಅಮ್ಮ 'ಉಷ್ಣ ಆಗಿದೆ' ಎಂದು ಎಳನೀರು ಕೊಡುತ್ತಾರೆ. ಕುಡಿಯಿರಿ, ತೊಂದರೆಯಿಲ್ಲ. ಆದರೆ ಎಳನೀರು ನಂಬಿಕೊಂಡು ಆಸ್ಪತ್ರೆಗೆ ಹೋಗುವುದನ್ನು ನಾಳೆಗೆ ತಳ್ಳಬೇಡಿ.

ಡಿ ಅಂಡ್ ಸಿ ಆದವರಿಗೆ ಮುಂದಿನ ಮುಟ್ಟು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಬರುತ್ತದೆ. 8 ವಾರವಾದರೂ ಬರದಿದ್ದರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿ, ಆಮೇಲೆ ಡಾಕ್ಟರ ಹತ್ತಿರ ಬನ್ನಿ. ಹೌದು, ಒಂದು ಮುಟ್ಟೂ ಆಗದೆಯೇ ಮತ್ತೆ ಗರ್ಭ ನಿಲ್ಲಬಹುದು.