ಘಟ್ಟದ ಬೆನ್ನು ಕಂಡ ದಿನ

ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತರೆ, ಆಕಾಶ ತಿಳಿಯಾಗಿರುವ ದಿನ, ಪಡುವಣದಲ್ಲಿ ಬೆಳ್ಳಿಯ ಎಳೆಯಂಥ ಒಂದು ಗೆರೆ ಕಾಣುತ್ತದೆ. ಅದು ಅರಬ್ಬೀ ಸಮುದ್ರ. ನಾನು ಎರಡನೆಯ ತರಗತಿಯಲ್ಲಿದ್ದಾಗ ಅಪ್ಪಯ್ಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಗೆರೆಯನ್ನು ತೋರಿಸಿ, "ನಮ್ಮ ಮನೆಗೆ ಬರುವ ಬಂಗುಡೆ ಅಲ್ಲಿಂದ ಹೊರಡುವುದು" ಎಂದಿದ್ದರು. ತೀರ್ಥಹಳ್ಳಿಯ ಹತ್ತಿರದ ನಮ್ಮ ಊರಿನಿಂದ ಮಲ್ಪೆಗೆ 90 ಕಿಲೋಮೀಟರಿನ ಆಸುಪಾಸಿನ ದಾರಿ. ಹುಟ್ಟಿದಂದಿನಿಂದ ಕಡಲ ಮೀನು ಉಂಡ ಅಪ್ಪಯ್ಯ, 71 ವರ್ಷವಾದರೂ ಕಡಲಿನಲ್ಲಿ ಮೊಣಕಾಲುದ್ದದ ನೀರನ್ನು ದಾಟಿರಲಿಲ್ಲ.

ಹೊಳೆಯ ವಿಷಯ ಬೇರೆ. ತುಂಗೆಯ ಯಾವ ತಿರುವಿನಲ್ಲಿ ಮಡು ಎಷ್ಟು ಆಳ, ಬಾಳೆಮೀನು ಯಾವ ಬಂಡೆಯ ಅಡಿಯಲ್ಲಿ ಮಲಗುತ್ತದೆ, ಮುರುಗೋಡು ಎರೆಹುಳವನ್ನು ಹೇಗೆ ಮುಟ್ಟುತ್ತದೆ, ಎಲ್ಲವೂ ಅವರಿಗೆ ಗೊತ್ತು. ಬೆಂಡು ಅಲುಗುವುದನ್ನು ನೋಡಿಯೇ ಕೆಳಗಿರುವ ಮೀನಿನ ಹೆಸರು ಹೇಳುತ್ತಿದ್ದರು. ಚಿಬ್ಬಲಗುಡ್ಡೆಯಲ್ಲಿ ಮಾತ್ರ ಅವರ ಕೈಯಲ್ಲಿ ಗಾಳ ಇರುತ್ತಿರಲಿಲ್ಲ, ಮಂಡಕ್ಕಿ ಇರುತ್ತಿತ್ತು. ಅಲ್ಲಿನವು ದೇವರ ಮೀನುಗಳು. ತೊಡೆಗಾತ್ರಕ್ಕೆ ಬೆಳೆದು ಮೆಟ್ಟಿಲ ತನಕ ಬಂದು ಬಾಯಿ ತೆರೆಯುತ್ತವೆ. ಅವುಗಳಿಗೆ ಉಣಿಸಿ, ಕೈಮುಗಿದು, ಒಂದು ಮೈಲಿ ಕೆಳಗೆ ನಡೆದ ಮೇಲೆಯೇ ಗಾಳದ ಮಾತು.

ವಾರಕ್ಕೆರಡು ಸಲ ನಮ್ಮೂರಿಗೆ ಮೀನಿನ ಗಾಡಿ ಬರುತ್ತದೆ. ಹಾರ್ನ್ ಕೇಳಿದ ಕೂಡಲೇ ಅಪ್ಪಯ್ಯ ತೋಟದಿಂದ ರಸ್ತೆಗೆ ಬಂದು ನಿಲ್ಲುತ್ತಾರೆ. ಕೊಳ್ಳುವುದು ಅರ್ಧ ಕಿಲೋ, ಕೇಳುವುದು ನೂರು ಪ್ರಶ್ನೆ. ಅಂಜಲ್ ಮೀನು ಗುಂಪಿನಲ್ಲಿ ಹೋಗುತ್ತದೆಯೋ ಒಂಟಿಯಾಗಿಯೋ, ರಾತ್ರಿ ಮೇಯುತ್ತದೆಯೋ ಹಗಲು ಮೇಯುತ್ತದೆಯೋ. ಉತ್ತರ ಹೇಳಿ ಹೇಳಿ ಸಾಕಾಗಿ ಒಂದು ದಿನ ಆ ಮೀನಿನ ವ್ಯಾಪಾರಿಯೇ ನನಗೆ ಹೇಳಿದ: "ಅಕ್ಕಾ, ನನ್ನ ಭಾವ ಮಲ್ಪೆಯಲ್ಲಿ ದೋಣಿ ನಡೆಸುವ ತಾಂಡೇಲ. ಗಾಳ ಹಾಕುವ ಆಸೆ ಇರುವವರನ್ನು ಬಾಡಿಗೆಗೆ ಕಡಲಿಗೆ ಕರೆದುಕೊಂಡು ಹೋಗುತ್ತಾನೆ. ಯಜಮಾನರನ್ನು ಒಮ್ಮೆ ಕಳುಹಿಸಿ." ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಇದು ನನಗೇಕೆ ಹೊಳೆಯಲಿಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು.

ಜನವರಿಯ ಎರಡನೆಯ ವಾರ, ಅಡಿಕೆಯ ಕೊನೆ ಕೊಯ್ಲಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಮಧ್ಯರಾತ್ರಿ ಹೊರಟೆವು. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಅಪ್ಪಯ್ಯ ಕಿಟಕಿಯ ಗಾಜು ಇಳಿಸಿ ಮಂಜಿನ ವಾಸನೆ ಹಿಡಿಯುತ್ತಿದ್ದರು. ಸೋಮೇಶ್ವರ ತಲುಪುವಾಗ ಸ್ವೆಟರ್ ಬಿಚ್ಚಿಟ್ಟರು. ಅಮ್ಮ ಕಟ್ಟಿಕೊಟ್ಟ ಕಡುಬು, ಒಣ ಶುಂಠಿಯ ಪುಡಿ, ಅಪ್ಪಯ್ಯನ ಎಲೆ ಅಡಿಕೆಯ ಚೀಲ, ಇಷ್ಟೇ ನಮ್ಮ ಸರಂಜಾಮು.

ಬೆಳಗಿನ ನಾಲ್ಕೂವರೆಗೆ ಮಲ್ಪೆಯ ದಕ್ಕೆಯಲ್ಲಿ ಐಸ್ ಪುಡಿ ಮಾಡುವ ಯಂತ್ರ ಕರಕರನೆ ಸದ್ದು ಮಾಡುತ್ತಿತ್ತು. ಸಾಲುಸಾಲು ಬೋಟುಗಳ ನಡುವೆ ನಮ್ಮ ಫೈಬರ್ ದೋಣಿ ಚಿಕ್ಕದಾಗಿ ಕಂಡಿತು. ತಾಂಡೇಲರು ಐವತ್ತು ದಾಟಿದವರು, ಜೊತೆಗೆ ಇಬ್ಬರು ಹುಡುಗರು. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಅವರೇ ಅಪ್ಪಯ್ಯನಿಗೆ ಬಿಗಿದು, ಎರಡು ಸಲ ಎಳೆದು ನೋಡಿದರು. ಅಳಿವೆ ಬಾಗಿಲು ದಾಟುವಾಗ ಬಾಗಿ ಒಂದು ಬೊಗಸೆ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಪ್ಪಯ್ಯನೂ ಹಾಗೆಯೇ ಮಾಡಿದರು. ಹೊಳೆಗೆ ಇಳಿಯುವಾಗಲೂ ಅವರದು ಅದೇ ರೂಢಿ.

ಬೆನ್ನ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. "ಇದು ನಿಮ್ಮ ಕಡೆಯ ಗಾಳಿ ಮಾರಾಯರೇ" ಎಂದರು ತಾಂಡೇಲರು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಡವಾಗಿ ತಣಿಯುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಹರಿಯುತ್ತದೆ, ಮಧ್ಯಾಹ್ನದ ಮೇಲೆ ತಿರುಗುತ್ತದೆ. ಹಾಯಿದೋಣಿಯ ಕಾಲದಲ್ಲಿ ಅವರ ಅಜ್ಜಂದಿರು ಈ ಗಾಳಿಯಲ್ಲಿ ಹೋಗಿ, ಆ ಗಾಳಿಯಲ್ಲಿ ಮರಳುತ್ತಿದ್ದರಂತೆ.

ಬೆಳಕು ಹರಿಯುವ ಹೊತ್ತಿಗೆ ದಡದಿಂದ ಸುಮಾರು 25 ಕಿಲೋಮೀಟರ್ ದೂರ ಬಂದಿದ್ದೆವು. ನನ್ನ ಹೊಟ್ಟೆ ತೊಳಸುತ್ತಿತ್ತು. ಶುಂಠಿ ಬಾಯಿಗೆ ಹಾಕಿಕೊಂಡು, ದೂರದ ಗೆರೆಯನ್ನೇ ನೋಡುತ್ತಾ ಕುಳಿತಿದ್ದೆ. ಆಗ ಅಪ್ಪಯ್ಯ ನನ್ನ ಭುಜ ಹಿಡಿದು ತಿರುಗಿಸಿದರು.

ಮೂಡಣದಲ್ಲಿ ಸಹ್ಯಾದ್ರಿ ಎದ್ದು ನಿಂತಿತ್ತು. ಉತ್ತರದಿಂದ ದಕ್ಷಿಣಕ್ಕೆ ಕಡುನೀಲಿ ಗೋಡೆ, ಅದರ ಹಿಂದೆ ಕಿತ್ತಳೆ ಬೆಳಕು. ತಾಂಡೇಲರು ಬೆರಳು ಮಾಡಿ ತೋರಿಸಿದರು. ಎಡಕ್ಕೆ ಕೊಡಚಾದ್ರಿಯ ಕೊಂಬು, ಬಲಕ್ಕೆ ದೂರದಲ್ಲಿ ಕುದುರೆಮುಖ. ಕುದುರೆಯ ಮೋರೆಯಂತೆ ಕಾಣುವುದರಿಂದಲೇ ಅದಕ್ಕೆ ಆ ಹೆಸರು ಬಂದದ್ದು. ಕಡಲಿನವರಿಗೆ ಅದು ಹಳೆಯ ಗುರುತುಕಲ್ಲು. "ನಡುವೆ ತಗ್ಗಿದಂತೆ ಕಾಣುತ್ತದಲ್ಲ, ಅದರ ಹತ್ತಿರವೇ ನಿಮ್ಮ ಆಗುಂಬೆ."

ಅಪ್ಪಯ್ಯ ಮಾತಾಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ಹಾಗೆಯೇ ನಿಂತಿತ್ತು. ಎಷ್ಟೋ ಹೊತ್ತಿನ ಮೇಲೆ, "ಅಲ್ಲಿ ಬಿದ್ದ ಮಳೆ ಒಂದು ಮಗ್ಗುಲಿಗೆ ಸೀತಾನದಿಯಾಗಿ ಈ ಕಡಲಿಗೇ ಬರುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ನಮ್ಮ ತುಂಗೆ ಸೇರಿ, ಕೃಷ್ಣೆ ಸೇರಿ, ಬಂಗಾಳಕೊಲ್ಲಿಯ ತನಕ ಹೋಗಬೇಕು. ನಾವು ಉದ್ದದ ದಾರಿಯ ಕಡೆಯವರು" ಎಂದರು. ಮನೆಯ ಮುಂಬಾಗಿಲಿನಿಂದ ಮಾತ್ರ ಕಂಡಿದ್ದ ಬೆಟ್ಟದ ಬೆನ್ನನ್ನು ಅವರು ನೋಡುತ್ತಿದ್ದರು. ನನಗೆ ಅಷ್ಟರಲ್ಲೇ ಬಂದದ್ದು ಸಾರ್ಥಕ ಎನಿಸಿತು.

ಹುಡುಗರು ಎರಡು ಕೋಲುಗಳನ್ನು ಹೂಡಿದರು. ಗೇಣುದ್ದದ ಪ್ಲಾಸ್ಟಿಕ್ ಮೀನು, ಅದರ ಹೊಟ್ಟೆಗೊಂದು, ಬಾಲಕ್ಕೊಂದು ಮುಮ್ಮೊನೆಯ ಗಾಳ. ದಾರಕ್ಕೂ ಗಾಳಕ್ಕೂ ನಡುವೆ ಉಕ್ಕಿನ ತಂತಿ, ಏಕೆಂದರೆ ಅಂಜಲಿನ ಹಲ್ಲು ನೈಲಾನನ್ನು ಬ್ಲೇಡಿನಂತೆ ಕೊಯ್ಯುತ್ತದೆ. ದೋಣಿಯ ಹಿಂದೆ ನಲವತ್ತು ಮೀಟರ್ ದಾರ ಬಿಟ್ಟು ನಿಧಾನವಾಗಿ ಎಳೆಯುತ್ತಾ ಹೋಗುವುದು. ರೀಲಿನ ಒಳಗೆ ಒಂದು ಬ್ರೇಕ್ ಇದೆ. ದಾರ ತಡೆಯುವ ಭಾರದ ಮೂರನೆಯ ಒಂದು ಪಾಲಿಗೆ ಅದನ್ನು ಬಿಗಿದಿರುತ್ತಾರೆ. ಮೀನು ಅದಕ್ಕಿಂತ ಜೋರಾಗಿ ಎಳೆದರೆ ರೀಲು ಜಾರಿ ದಾರ ಬಿಡುತ್ತದೆ, ಕಡಿಯುವುದಿಲ್ಲ. ಅಪ್ಪಯ್ಯ ಆ ಬ್ರೇಕನ್ನು ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದರು. "ಈ ಕೆಲಸವನ್ನು ನಾನು ಹೆಬ್ಬೆರಳಿನಿಂದ ಮಾಡುತ್ತಿದ್ದೆ" ಎಂದರು.

ಮೊದಲು ಸಿಕ್ಕಿದ್ದು ಕೇದರ, ಅಂದರೆ ಟ್ಯೂನಾ ಮೀನು. ಕಡಲಹಕ್ಕಿಗಳು ಒಂದೇ ಕಡೆ ಮುಳುಗೇಳುತ್ತಿದ್ದವು, ಅದರ ಅಂಚಿನಲ್ಲಿ ದೋಣಿ ಹಾಯಿಸಿದ ಕೂಡಲೇ ಎರಡೂ ಕೋಲು ಬಾಗಿದವು. ಮೂರು ಕಿಲೋದ ಆಸುಪಾಸಿನ ಮೀನು, ಆದರೆ ದೋಣಿಯ ಒಳಗೆ ಬಿದ್ದ ಮೇಲೂ ಬಾಲದಿಂದ ಹಲಗೆಯನ್ನು ತಮಟೆಯಂತೆ ಬಡಿಯಿತು. ಅಪ್ಪಯ್ಯ ಅಂಗೈಯನ್ನು ಅದರ ಮೈಮೇಲಿಟ್ಟು ಬೆಚ್ಚಿದರು. "ಮೀನಿನ ಮೈ ಬೆಚ್ಚಗಿದೆಯಲ್ಲ!" ನಾನೂ ಮುಟ್ಟಿದೆ. ಹೌದು, ಹೊಳೆಯ ಮೀನಿನಲ್ಲಿ ಎಂದೂ ಕಾಣದ ಬಿಸಿ. ಕೇದರದ ಜಾತಿಯೇ ಹಾಗೆ. ನಿಂತರೆ ಉಸಿರಿಲ್ಲ, ಈಜುತ್ತಲೇ ಇರಬೇಕು. ಆ ದುಡಿಮೆಯ ಬಿಸಿಯನ್ನು ಅದರ ರಕ್ತನಾಳಗಳು ಮೈಯೊಳಗೇ ಉಳಿಸಿಕೊಳ್ಳುತ್ತವೆ. ಅದಕ್ಕೇ ತಾಂಡೇಲರು ಒಂದು ಕ್ಷಣವೂ ತಡಮಾಡದೆ ಕಿವಿರು ಕೊಯ್ದು ರಕ್ತ ಬಸಿದು ಐಸಿಗೆ ಹಾಕಿದರು. ಬಿಸಿಲಲ್ಲಿ ಬಿಟ್ಟ ಕೇದರ ತಿಂದರೆ ಮೈಯೆಲ್ಲ ಕೆಂಪಾಗಿ ತುರಿಕೆ ಏಳುತ್ತದೆ. ಹಾಗೆ ಹುಟ್ಟಿದ ವಿಷ ಬೇಯಿಸಿದರೂ ಹೋಗುವುದಿಲ್ಲ.

ಕಡುಬು ಹಂಚಿಕೊಂಡು ತಿನ್ನುವಾಗ ಮಳೆಗಾಲದ ಮಾತು ಬಂತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. "ನಿಮ್ಮಲ್ಲಿ ಹೇಗೆ?" ಎಂದು ತಾಂಡೇಲರು ಕೇಳಿದರು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು ಹತ್ತುಮೀನಿನ ವಿಷಯ ಹೇಳಿದರು. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನುಗಳನ್ನು ರಾತ್ರಿ ಟಾರ್ಚ್ ಹಿಡಿದು ಕತ್ತಿಯಲ್ಲಿ ಕಡಿಯುವುದು, ಕೂಳಿ ಒಡ್ಡಿ ಹಿಡಿಯುವುದು. "ಎಲ್ಲವೂ ತುಂಬಿದ ಬಸುರಿಯರು. ಹೊಟ್ಟೆ ಸೀಳಿದರೆ ಬೊಗಸೆ ತುಂಬ ಮೊಟ್ಟೆ. ನಾನೂ ಹಿಡಿದಿದ್ದೇನೆ. ಹದಿನೈದು ವರ್ಷದಿಂದ ಬಿಟ್ಟಿದ್ದೇನೆ." ಮಲೆನಾಡಿನವಳಾಗಿ ನನಗೂ ಹತ್ತುಮೀನಿನ ರುಚಿ ಗೊತ್ತು, ಆ ರಾತ್ರಿಗಳ ಸಂಭ್ರಮವೂ ಗೊತ್ತು. ಆದರೂ ಹೇಳಬೇಕು: ಹೊಟ್ಟೆಪಾಡಿಗೆ ಕಡಲನ್ನೇ ನಂಬಿದವರು ಎರಡು ತಿಂಗಳು ಬೋಟು ಕಟ್ಟಿ ಕೂರುವಾಗ, ಅಡಿಕೆ ನಂಬಿದ ನಾವು ಅದೇ ಜೂನ್ ತಿಂಗಳಲ್ಲಿ ಗದ್ದೆಯಂಚಿನಲ್ಲಿ ಕತ್ತಿ ಹಿಡಿದು ನಿಲ್ಲುವುದು ಸರಿಯಲ್ಲ.

ಹತ್ತು ಗಂಟೆಯ ಹೊತ್ತಿಗೆ ಕಡಲಡಿಯ ಕಲ್ಲೊಂದರ ಮೇಲೆ, ಇಪ್ಪತ್ತು ಮಾರು ಆಳದಲ್ಲಿ, ಎಡಗಡೆಯ ಕೋಲು ಒಮ್ಮೆಲೇ ನೀರಿಗೆ ಬಾಗಿತು. ರೀಲು ಕಿರುಚಿತು. ತಾಂಡೇಲರು ಎಂಜಿನ್ ಇಳಿಸಿ, "ಹಿರಿಯರೇ, ನಿಮ್ಮದು" ಎಂದು ಕೋಲನ್ನು ಅಪ್ಪಯ್ಯನ ಕೈಗೆ ಕೊಟ್ಟು, ಸೊಂಟದ ಪಟ್ಟಿಯ ಗುಳಿಗೆ ಅದರ ಬುಡ ಊರಿದರು.

ನೂರು ಮೀಟರ್ ದಾರ ಎಷ್ಟು ಬೇಗ ಹೋಯಿತೆಂದರೆ ರೀಲಿನ ಮೇಲೆ ಬಿದ್ದ ನೀರ ಹನಿಗಳು ಹೊಗೆಯಂತೆ ಹಾರಿದವು. ಹುಡುಗನೊಬ್ಬ ಬ್ರೇಕ್ ಬಿಗಿಯಲು ಕೈ ಚಾಚಿದ. ಅಪ್ಪಯ್ಯ ತಲೆಯಾಡಿಸಿ ಬೇಡವೆಂದರು. "ಓಡುವಾಗ ತಡೆಯಬಾರದು. ನಿಂತಾಗ ಕೇಳಬೇಕು." ನಾನು ಹುಟ್ಟಿದಾಗಿನಿಂದ ತುಂಗೆಯ ದಡದಲ್ಲಿ ಕೇಳಿದ ಮಾತು ಅದು. ಮೀನು ನಿಂತಿತು. ಅವರು ಕೋಲನ್ನು ಮೆಲ್ಲನೆ ಎತ್ತಿ, ಇಳಿಸುವಾಗ ಎರಡು ಸುತ್ತು ಸುತ್ತಿದರು. ಮತ್ತೆ ಎತ್ತಿದರು. ಮತ್ತೆ ಓಟ, ಮತ್ತೆ ನಿಲುಗಡೆ. ಅವರ ಮುಂಗೈಯ ನರಗಳು ಹುರಿಯಂತೆ ಉಬ್ಬಿದ್ದವು. ನಾನು ಬೆನ್ನಿಗೆ ಕೈ ಕೊಟ್ಟು ನಿಂತಿದ್ದೆ, ದಾರದ ಮಿಡಿತ ಅವರ ಬೆನ್ನಿನ ಮೂಲಕ ನನ್ನ ಅಂಗೈಗೆ ಬರುತ್ತಿತ್ತು. ಇಪ್ಪತ್ತು ನಿಮಿಷ ಕಳೆಯಿತು. ಕೆಳಗೆ ಬೆಳ್ಳಿಯ ಹಲಗೆಯಂಥದ್ದು ಒಮ್ಮೆ ಮಗ್ಗುಲು ಹೊರಳಿ ಮಿಂಚಿತು. "ಅಂಜಲ್! ಇಪ್ಪತ್ತು ಕಿಲೋಗೆ ಮೋಸವಿಲ್ಲ" ಎಂದು ತಾಂಡೇಲರು ಕೂಗಿದರು.

ಆಗ ಕೋಲು ಎರಡು ಸಲ ಜಗ್ಗಿತು. ಮೊದಲಿನ ಜಗ್ಗಿನಂತಲ್ಲ. ಬಾವಿಗೆ ಇಳಿದ ಹಗ್ಗವನ್ನು ಕೆಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ. ಅಪ್ಪಯ್ಯ ಮುಗ್ಗರಿಸಿದರು. ಆಮೇಲೆ ಎಳೆತವೇ ಇಲ್ಲ. ದಾರ ಕಡಿಯಿತೆಂದು ನಾನು ಅಂದುಕೊಂಡೆ. ಅವರು ಮಾತ್ರ, "ಭಾರ ಇದೆ. ಜೀವದ ಭಾರವಲ್ಲ" ಎಂದು ಸುತ್ತುತ್ತಲೇ ಹೋದರು.

ಮೇಲೆ ಬಂದದ್ದು ತಲೆ. ತಲೆ ಮತ್ತು ಎದೆಯ ರೆಕ್ಕೆಯ ಹಿಂದಿನ ಒಂದಿಷ್ಟು ಮೈ. ಉಳಿದದ್ದೆಲ್ಲ ಅಲ್ಲಿಗೆ ಮುಗಿದಿತ್ತು. ಬಾಯಿ ಇನ್ನೂ ತೆರೆದು ಮುಚ್ಚುತ್ತಿತ್ತು, ಪುಟ್ಟ ತ್ರಿಕೋನದ ಹಲ್ಲುಗಳ ನಡುವೆ ಪ್ಲಾಸ್ಟಿಕ್ ಮೀನು ಅಡ್ಡವಾಗಿ ಸಿಕ್ಕಿಕೊಂಡಿತ್ತು. "ತಾಟೆ" ಎಂದರು ತಾಂಡೇಲರು. ಶಾರ್ಕ್ ಮೀನಿಗೆ ಕಡಲಿನವರ ಹೆಸರು ಅದು. ಗಾಳಕ್ಕೆ ಸಿಕ್ಕ ಮೀನಿನ ಒದ್ದಾಟ ನೀರಿನಲ್ಲಿ ಬಹು ದೂರ ಕೇಳುತ್ತದೆ, ತಾಟೆಗೆ ಅದು ಊಟದ ಕರೆ. "ಅದರ ಪಾಲು ಅದು ತೆಗೆದುಕೊಂಡಿತು." ಅಪ್ಪಯ್ಯ ಒದ್ದೆ ಬಟ್ಟೆಯನ್ನು ತೆಗೆದು ಮೀನಿನ ಕಣ್ಣಿನ ಮೇಲೆ ಹೊದಿಸಿದರು. ಬಾಯಿಯ ಚಲನೆ ನಿಲ್ಲುವ ತನಕ ಕೈ ತೆಗೆಯಲಿಲ್ಲ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಇದು: "ಆ ತಾಟೆಯ ಬಾಯಿಗೆ ಗಾಳ ಹೋಗಿಲ್ಲವಷ್ಟೇ?" ತಾಂಡೇಲರು ಎಣಿಸಿ ತೋರಿಸಿದರು. ಎರಡೂ ಗಾಳಗಳು ಇಲ್ಲೇ ಇದ್ದವು.

ಮೈಮೇಲೆ ಚುಕ್ಕಿಯಿರುವ, ಬೋಟಿನಷ್ಟು ಉದ್ದದ ತಾಟೆಯ ಬಗ್ಗೆ ಅಪ್ಪಯ್ಯ ಪತ್ರಿಕೆಯಲ್ಲಿ ಓದಿದ್ದರು, ಇದು ಅದೇ ಇರಬಹುದೇ ಎಂದರು. ಅಲ್ಲ, ಅದು ತಿಮಿಂಗಿಲ ಶಾರ್ಕ್, ಕಚ್ಚುವುದಿಲ್ಲ, ನೀರು ಸೋಸಿ ಸಣ್ಣ ಜೀವಿಗಳನ್ನು ನುಂಗುತ್ತದೆ ಎಂದು ತಾಂಡೇಲರು ವಿವರಿಸಿದರು. 2001ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ, ಬಲೆಗೆ ಬಿದ್ದರೆ ಬಲೆ ಕತ್ತರಿಸಿಯಾದರೂ ಬಿಡಬೇಕು.

ಇನ್ನೊಮ್ಮೆ ಗಾಳ ಇಳಿಸೋಣವೇ ಎಂದು ಹುಡುಗರು ಕೇಳಿದರು. ಬಾಡಿಗೆಯ ಹೊತ್ತು ಇನ್ನೂ ಮೂರು ಗಂಟೆ ಉಳಿದಿತ್ತು. "ಇವತ್ತಿಗೆ ಸಾಕು. ಸುಮ್ಮನೆ ಇನ್ನಷ್ಟು ಹೊತ್ತು ಇಲ್ಲಿ ನಿಲ್ಲಿಸಿ" ಎಂದರು ಅಪ್ಪಯ್ಯ. ಎಂಜಿನ್ ನಿಂತಿತು. ದೋಣಿ ತೊಟ್ಟಿಲಂತೆ ತೂಗಿತು. ಬಿಸಿಲೇರಿ ಮಬ್ಬು ಕವಿದು ಬೆಟ್ಟದ ಸಾಲು ಮಾಯವಾಗಿತ್ತು, ಅವರು ಅದೇ ದಿಕ್ಕಿಗೆ ಮುಖಮಾಡಿ ಕುಳಿತರು.

ಸಂಜೆ ಘಾಟಿ ಹತ್ತುವಾಗ ಐಸ್ ಪೆಟ್ಟಿಗೆಯಿಂದ ಹನಿ ಬೀಳುತ್ತಿತ್ತು. ಸೂರ್ಯಾಸ್ತದ ಕಟ್ಟೆಯ ಹತ್ತಿರ ಕಾರು ನಿಲ್ಲಿಸಲು ಹೇಳಿದರು. ಜನವೆಲ್ಲ ಮೊಬೈಲ್ ಎತ್ತಿ ಸೂರ್ಯನನ್ನು ಹಿಡಿಯುತ್ತಿದ್ದರು. ಅಪ್ಪಯ್ಯ ಹುಬ್ಬಿಗೆ ಕೈ ಅಡ್ಡ ಹಿಡಿದು ಸೂರ್ಯನ ಕೆಳಗಿನ ಗೆರೆಯನ್ನು ಹುಡುಕಿ, ಪಕ್ಕದಲ್ಲಿದ್ದ ಒಬ್ಬ ಪುಟ್ಟ ಹುಡುಗನಿಗೆ, "ನಾನು ಬೆಳಿಗ್ಗೆ ಅಲ್ಲಿದ್ದೆ" ಎಂದು ಹೇಳಿದರು.

ಮನೆಗೆ ಬಂದಾಗ ಅಮ್ಮ ತಲೆಯನ್ನು ಹಿತ್ತಿಲ ಕಲ್ಲಿನ ಮೇಲಿಟ್ಟು ನೀರು ಸುರಿದರು. ಬಲ್ಬಿನ ಬೆಳಕಿನಲ್ಲಿ ಕಚ್ಚಿದ ಅಂಚು ಸ್ಪಷ್ಟವಾಗಿ ಕಂಡಿತು. ಕತ್ತಿಯಲ್ಲಿ ಕೊಯ್ದಷ್ಟು ನಯ, ಆದರೆ ನೇರವಲ್ಲ, ಚಂದ್ರನ ತುಂಡಿನಂತೆ ಬಾಗಿದ್ದು, ಅಂಚಿನುದ್ದಕ್ಕೂ ಗರಗಸದ ಸಣ್ಣ ಸಣ್ಣ ಗೀರು. ಅಪ್ಪಯ್ಯ ಮಂಡಿಯೂರಿ ಕುಳಿತು, ಹೆಬ್ಬೆರಳು ಕಿರುಬೆರಳು ಅಗಲಿಸಿ ಅದರ ಮೇಲೆ ಇಟ್ಟರು.

"ಒಂದು ಗೇಣು" ಎಂದರು.

ಮರುವಾರ ಮೀನಿನ ಗಾಡಿಯ ಹಾರ್ನ್ ಕೇಳಿದಾಗ, ಆ ಗೇಣನ್ನು ಗಾಳಿಯಲ್ಲಿ ಹಾಗೆಯೇ ಹಿಡಿದುಕೊಂಡು ತೋಟದಿಂದ ರಸ್ತೆಗೆ ಓಡಿದರು.